ಮಂಗ ಹಿಡಿಸುವ ಟೆಂಡರ್ ಪುರಸಭೆ ಸಭೆಗೆ ಬರ್ತಿದೆ, ನೀವೇನಂತೀರಿ?

ಹಂಚಿನ ಮನೆ

ಎಲ್ಲರಿಗೂ ನಮಸ್ಕಾರ. ಪುರಸಭೆಯ ಮುಂದಿನ ಸಾಮಾನ್ಯ ಸಭೆಯಲ್ಲಿ ಮಂಗಗಳ ವಿಷಯ ಇದೆ. ಹೊರಗಿನಿಂದ ಹಿಡಿಯುವವರನ್ನು ಕರೆಸೋದು, ತಲೆಗೆ ಇಷ್ಟು ಅಂತ ದುಡ್ಡು ಕೊಡೋದು, ಹಿಡಿದದ್ದನ್ನು ಕಾಡಿಗೆ ಬಿಡಿಸೋದು. ಇಷ್ಟೇ ಪ್ರಸ್ತಾವ. ನಮ್ಮ ವಾರ್ಡಿನ ಸದಸ್ಯರು "ಜನ ಏನಂತಾರೆ ಬರೆದುಕೊಡಿ, ಸಭೆಯಲ್ಲಿ ಓದುತ್ತೇನೆ" ಅಂದಿದ್ದಾರೆ. ಅದಕ್ಕೇ ಕೇಳುತ್ತಿದ್ದೇನೆ.

ನನ್ನ ಕಷ್ಟ ಮೊದಲು ಹೇಳಿಬಿಡುತ್ತೇನೆ. ಮಳೆಗೆ ಮುಂಚೆ ಆಳು ಹಿಡಿದು ಹಂಚು ಕೈಯಾಡಿಸಿದ್ದೆ. ಮೊದಲ ಮಳೆ ಬೀಳೋದರೊಳಗೆ ಗುಂಪು ಬಂದು ಮಾಡಿನ ಮೇಲೆ ಕುಣಿದು ಹಂಚು ಜಾರಿಸಿ ಹೋಯಿತು. ಈಗ ದೇವರಕೋಣೆ ಸೋರುತ್ತಿದೆ. ಹಂಚಿನ ಕೆಲಸ ಗೊತ್ತಿರುವವರು ಸಿಗೋದೇ ಕಷ್ಟ, ಸಿಕ್ಕರೂ ಮಳೆಯಲ್ಲಿ ಮಾಡು ಹತ್ತುವುದಿಲ್ಲ. ಪಕ್ಕದ ಮನೆಯವರು ಬೇಸತ್ತು ಹಂಚು ಇಳಿಸಿ ಶೀಟ್ ಹಾಕಿಸಿದರು. ಬೇಸಿಗೆಯಲ್ಲಿ ಒಳಗೆ ಕೂರೋಕೆ ಆಗುವುದಿಲ್ಲ.

ಇಷ್ಟೆಲ್ಲ ಆದರೂ ಟೆಂಡರ್ ಬಗ್ಗೆ ನನಗೆ ಅನುಮಾನ ಇದೆ. ಹಿಡಿದ ಮಂಗ ಎಲ್ಲಿಗೆ ಹೋಗುತ್ತದೆ ಅಂತ ಪ್ರಸ್ತಾವದಲ್ಲಿ ಒಂದು ಸಾಲೂ ಇಲ್ಲ. "ಕಾಡಿಗೆ" ಅಂತ ಬರೆದಿದ್ದಾರೆ, ಅಷ್ಟೇ. ಯಾವ ಕಾಡು?

ಸಂಡಿಗೆ ಅತ್ತಿಗೆ

ಯಾವ ಕಾಡಾದರೂ ಆಗಲಿ, ಮೊದಲು ತಗೊಂಡು ಹೋಗಲಿ ಅಣ್ಣ!

ಮನೆಯಲ್ಲಿ ಇಡೀ ದಿನ ಇರುವವರಿಗೆ ಗೊತ್ತು ಇದರ ಕಾಟ. ನಮ್ಮ ಅಡುಗೆಮನೆ ಕಿಟಕಿಗೆ ಸರಳು ಇದೆ. ದೊಡ್ಡ ಮಂಗ ನುಗ್ಗೋಕೆ ಆಗಲ್ಲ. ಅದಕ್ಕೆ ಏನು ಮಾಡುತ್ತವೆ ಗೊತ್ತಾ? ಮರಿ ಒಳಗೆ ಬರುತ್ತದೆ. ಸರಳಿನ ಸಂದಿಯಲ್ಲಿ ಮೊದಲು ತಲೆ ತೂರಿಸಿ, ಆಮೇಲೆ ಒಂದು ಭುಜ, ಆಮೇಲೆ ಇನ್ನೊಂದು. ಕಟ್ಟೆಯ ಮೇಲೆ ಇಳಿದು ಬಾಳೆಹಣ್ಣಿನ ಚಿಪ್ಪಿಗೆ ಕೈ ಹಾಕುತ್ತದೆ. ಚಿಪ್ಪು ಸಂದಿಯಲ್ಲಿ ಹಿಡಿಯೋದಿಲ್ಲ ಅಂತ ಗೊತ್ತಾದ ಕೂಡಲೇ ಒಂದೊಂದೇ ಹಣ್ಣು ಕಿತ್ತು ಹೊರಗೆ ದಾಟಿಸುತ್ತದೆ. ಹೊರಗೆ ಗುಂಪಿನ ದೊಡ್ಡ ಗಂಡು, ದಡಿಯ, ಕೂತು ಕೆನ್ನೆ ತುಂಬಿಸಿಕೊಳ್ಳುತ್ತಾನೆ. ಮರಿಗೆ ಸಿಕ್ಕಿದ್ದು ಸಿಪ್ಪೆ. ನಾನು ಸೌಟು ಹಿಡಿದು ನಿಂತೇ ಇದ್ದೆ. ಹಲ್ಲು ಕಿರಿದು ನನ್ನ ಕಡೆ ಒಂದು ಹೆಜ್ಜೆ ಇಟ್ಟ. ನಾನೇ ನಡುಮನೆಗೆ ಓಡಿದೆ.

ಟೆರೇಸಿನಲ್ಲಿ ಹಪ್ಪಳ ಸಂಡಿಗೆ ಒಣಗಿಸಿ ಎಷ್ಟು ವರ್ಷ ಆಯಿತೋ. ಈಗ ಅಂಗಡಿ ಪ್ಯಾಕೆಟ್. ಸಿಂಟೆಕ್ಸ್ ಮುಚ್ಚಳ ತೆಗೆದು ನೀರಿಗೆ ಇಳಿಯುತ್ತವೆ. ಮೇಲೆ ಕಲ್ಲು ಹೇರಿದರೆ ಇಬ್ಬರು ಸೇರಿ ಕಲ್ಲು ತಳ್ಳುತ್ತವೆ. ಮುಚ್ಚಳಕ್ಕೆ ತಂತಿ ಕಟ್ಟಿದ ಮೇಲೆ ಅದೊಂದು ನಿಂತಿದೆ.

ತೋಟದಂಚು

ಅತ್ತಿಗೆ, ನಿಮ್ಮದು ಬಾಳೆಹಣ್ಣು, ನನ್ನದು ಬದುಕು. ಪಟ್ಟಣದ ಅಂಚಿನಲ್ಲಿ ನಮ್ಮ ತೋಟ. ಎಳೆ ಅಡಿಕೆ ಕಿತ್ತು ಕಚ್ಚಿ ರಸ ಹೀರಿ ಬಿಸಾಡುತ್ತವೆ. ಬೆಳಿಗ್ಗೆ ಮರದ ಬುಡದಲ್ಲಿ ಹಸಿರು ಕಾಯಿ ಹಾಸಿದ ಹಾಗೆ ಬಿದ್ದಿರುತ್ತದೆ. ತೆಂಗಿನ ಮಿಳ್ಳೆ ಒಂದೂ ಉಳಿಯೋದಿಲ್ಲ. ಬಾಳೆ ಹಾಕೋದನ್ನು ಬಿಟ್ಟೇಬಿಟ್ಟಿದ್ದೇವೆ. ಏಲಕ್ಕಿ ಅಂತೂ ಅಪ್ಪನ ಕಾಲಕ್ಕೇ ಮುಗಿಯಿತು.

ಪಟಾಕಿ, ಗರ್ನಾಲು, ಕವಣೆ, ಏರ್‌ಗನ್ ಎಲ್ಲ ಆಯಿತು. ಹುಲಿ ಬೊಂಬೆ ನಿಲ್ಲಿಸಿದೆ. ಸ್ವಲ್ಪ ದಿನ ಹೆದರಿದವು, ಆಮೇಲೆ ಅದರ ತಲೆ ಮೇಲೇ ಕೂತು ಹೇನು ಹೆಕ್ಕಿದವು. 2019ರಲ್ಲಿ ತೀರ್ಥಹಳ್ಳಿ ಕಡೆಯ ರೈತರೊಬ್ಬರು ನಾಯಿಗೆ ಹುಲಿ ಪಟ್ಟೆ ಬಳಿದು ತೋಟದಲ್ಲಿ ಬಿಟ್ಟಿದ್ದು ಪೇಪರ್‌ನಲ್ಲೆಲ್ಲ ಬಂತಲ್ಲ. ಊರೆಲ್ಲ ನಕ್ಕಿತು. ನಮಗೆ ನಗು ಬರಲಿಲ್ಲ.

ಹಿಮಾಚಲದಲ್ಲಿ ಕೊಲ್ಲೋಕೆ ಅನುಮತಿ ಕೊಟ್ಟರಂತೆ. ನಮಗೆ ಯಾಕೆ ಕೊಡಲ್ಲ? ಟೆಂಡರ್ ಬೇಡ ಅನ್ನುವವರು ದಿನಾ ಬಂದು ನನ್ನ ತೋಟ ಕಾಯಲಿ.

ಖಾಕಿ ಬಿಟ್ಟವ

ಫಾರೆಸ್ಟ್‌ನಲ್ಲಿ ಗಾರ್ಡ್ ಆಗಿ ಸೇರಿ ನಿವೃತ್ತಿ ಆದವನು ನಾನು. ಕಾನೂನು ಎಲ್ಲಿದೆ ಅಂತ ಮಾತ್ರ ಹೇಳುತ್ತೇನೆ, ಸರಿ ತಪ್ಪು ನೀವೇ ತೀರ್ಮಾನಿಸಿ.

ಹಿಮಾಚಲದಲ್ಲಿರುವುದು ಬೇರೆ ಜಾತಿ, ರೀಸಸ್ ಮಂಗ. 2016ರಲ್ಲಿ ಕೇಂದ್ರ ಸರ್ಕಾರ ಶಿಮ್ಲಾ ನಗರದೊಳಗೆ ಅದನ್ನು ಉಪದ್ರವಿ ಪ್ರಾಣಿ ಅಂತ ಘೋಷಿಸಿದ್ದು ನಿಜ. ನಮ್ಮದು ನೆತ್ತಿ ಮೇಲೆ ಕೂದಲು ಟೋಪಿ ಥರ ಹರಡಿರುವ ಬಾನೆಟ್ ಮಂಗ. ದಕ್ಷಿಣ ಭಾರತ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲ. 1972ರ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಗಿ, 2023ರ ಏಪ್ರಿಲ್‌ನಿಂದ ಜಾರಿಗೆ ಬಂತು. ಆಗ ರೀಸಸ್ ಪಟ್ಟಿಯಿಂದಲೇ ಹೊರಗೆ ಹೋಯಿತು. ನಮ್ಮ ಮಂಗ ಒಂದನೇ ಪಟ್ಟಿಗೆ ಏರಿತು. ಹುಲಿ, ಆನೆ ಇರುವ ಪಟ್ಟಿ ಅದು. ಉಪದ್ರವಿ ಅಂತ ಘೋಷಿಸೋಕೆ ಈಗ ಎರಡನೇ ಪಟ್ಟಿಯ ಪ್ರಾಣಿಗೆ ಮಾತ್ರ ಅವಕಾಶ. ಒಂದನೇ ಪಟ್ಟಿಯದ್ದು ಬೆಳೆ ಹಾಳು ಮಾಡಿದರೆ ಅದು ಕಾರಣವೇ ಆಗೋದಿಲ್ಲ, ಮನುಷ್ಯರ ಜೀವಕ್ಕೆ ಅಪಾಯ ಇರಬೇಕು. ಕೇರಳ ಸರ್ಕಾರ ಇದನ್ನು ಎರಡನೇ ಪಟ್ಟಿಗೆ ಇಳಿಸಿ ಅಂತ ಕೇಂದ್ರವನ್ನು ಕೇಳಿದೆ.

ಇನ್ನೊಂದು ಮುಖ್ಯ ವಿಷಯ. ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲೋದಷ್ಟೇ ಅಲ್ಲ. ಬೋನಿಟ್ಟು ಹಿಡಿಯೋದೂ ಬೇಟೆಯೇ. ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಇಲ್ಲದೆ ಹಿಡಿದರೆ ಒಂದನೇ ಪಟ್ಟಿಯ ಪ್ರಾಣಿಗೆ ಕನಿಷ್ಠ 3 ವರ್ಷ ಜೈಲು, 7ರವರೆಗೂ ಹೋಗಬಹುದು. ಪುರಸಭೆ ಠರಾವು ಮಾಡಿದ ಮಾತ್ರಕ್ಕೆ ಅನುಮತಿ ಬಂದ ಹಾಗಲ್ಲ. ಟೆಂಡರ್‌ಗೆ ಮೊದಲು ಆ ಕಾಗದ ಇದೆಯಾ ಕೇಳಿ.

ತೋಟದಂಚು

ಖಾಕಿಯವರೇ, ಕಾನೂನು ಗೊತ್ತಾಯಿತು. ಅಡಿಕೆ ತಿನ್ನುವ ಮಂಗಕ್ಕೆ ಹುಲಿಯ ಮರ್ಯಾದೆ. ಅಡಿಕೆ ಬೆಳೆಯುವವನಿಗೆ ಯಾವ ಪಟ್ಟಿ?

ಘಟ್ಟದ ತಲೆ

ನಾನು ನಿಮ್ಮೂರಿನವನಲ್ಲ. ಬಸ್ಸಿನಲ್ಲಿ ಮುಕ್ಕಾಲು ಗಂಟೆ ದಾರಿಯ ಹಳ್ಳಿ. ಯಾವ ಕಾಡು ಅಂತ ಮೊದಲನೆಯವರು ಕೇಳಿದ್ದಾರಲ್ಲ, ಉತ್ತರ ನಾನು ಕೊಡುತ್ತೇನೆ. ನಮ್ಮೂರು.

ನಮ್ಮಲ್ಲಿ ಮನೆಗಳು ಹತ್ತಿರ ಹತ್ತಿರ ಇಲ್ಲ. ಒಂದು ಮನೆ, ಒಂದು ತೋಟ, ಒಂದು ಬ್ಯಾಣ, ಆಮೇಲೆ ಇನ್ನೊಂದು ಮನೆ. ರಾತ್ರಿ ಪಿಕಪ್ ಗಾಡಿ ಬಂದು ಟಾರ್ಪಾಲ್ ಎತ್ತಿ ಬೋನು ಖಾಲಿ ಮಾಡಿ ಹೋದರೆ ನೋಡುವವರಿಲ್ಲ. ಬೆಳಿಗ್ಗೆ ಎದ್ದಾಗ ಅಂಗಳದಲ್ಲಿ ಹೊಸ ಮುಖಗಳು. ಪಟ್ಟಣದ ಮಂಗ ಅಂತ ಕೂಡಲೇ ತಿಳಿಯುತ್ತದೆ. ಕಾಡಿನ ಮಂಗ ನಾಯಿ ಬೊಗಳಿದರೆ ಮರ ಹತ್ತುತ್ತದೆ. ಇವು ಜಗಲಿಗೆ ಬರುತ್ತವೆ, ಬಾಗಿಲು ತಳ್ಳಿ ನೋಡುತ್ತವೆ, ಪ್ಲಾಸ್ಟಿಕ್ ಚೀಲ ಕಂಡರೆ ಕೈಯಿಂದ ಕಿತ್ತುಕೊಳ್ಳುತ್ತವೆ. ಅಮ್ಮನಿಗೆ ವಯಸ್ಸಾಗಿದೆ. ಕೊಟ್ಟಿಗೆಗೆ ಹೋಗೋಕೂ ಕೋಲು ಹಿಡಿದು ಯಾರಾದರೂ ಜೊತೆಗೆ ಹೋಗಬೇಕು.

ಕಾಡು ಅಂದರೆ ಏನಿದೆ ಇಲ್ಲಿ? ಗುಡ್ಡ ಪೂರ್ತಿ ಅಕೇಶಿಯಾ. ಶಿವಮೊಗ್ಗ ಸೀಮೆಯಲ್ಲಿ 1980ರಲ್ಲಿ ಮೈಸೂರು ಪೇಪರ್ ಮಿಲ್ಸ್‌ಗೆ ಕಾಡು ಗುತ್ತಿಗೆ ಕೊಟ್ಟು ನೀಲಗಿರಿ, ಅಕೇಶಿಯಾ ಬೆಳೆಸಿದ್ದು ಎಲ್ಲರಿಗೂ ಗೊತ್ತಿದೆ. ಅಕೇಶಿಯಾ ಮರದಲ್ಲಿ ಮಂಗಕ್ಕೆ ತಿನ್ನೋಕೆ ಏನಿದೆ? ಅತ್ತಿ, ಬಸರಿ, ಗೋಣಿ, ನೇರಳೆ, ಮುರುಗಲು ಇದ್ದ ಜಾಗ ಅದು. ಅಲ್ಲಿ ಬಿಟ್ಟರೆ ಹೊಟ್ಟೆಗೆ ನನ್ನ ತೋಟಕ್ಕೇ ಬರಬೇಕು.

ತಲೆಗೆ ಇಷ್ಟು ಅಂತ ದುಡ್ಡು ಕೊಟ್ಟರೆ ಏನಾಗುತ್ತದೆ ಅಂತಲೂ ಯೋಚಿಸಿ. ಹಿಡಿಯುವವನಿಗೆ ಮಂಗ ದೂರ ಹೋದಷ್ಟೂ ಡೀಸೆಲ್ ಖರ್ಚು. ಹತ್ತಿರ ಬಿಟ್ಟರೆ ಮುಂದಿನ ವರ್ಷ ಮತ್ತೆ ಕೆಲಸ. ಅವನು ಕೆಟ್ಟವನು ಅನ್ನುತ್ತಿಲ್ಲ. ದುಡ್ಡಿನ ಲೆಕ್ಕ ಹಾಗಿದೆ.

ಸಂಡಿಗೆ ಅತ್ತಿಗೆ

ಘಟ್ಟದ ತಲೆ ಅವರೇ, ಬೇಜಾರು ಮಾಡ್ಕೋಬೇಡಿ. ನಿಮ್ಮ ಅಮ್ಮನ ವಿಷಯ ಓದಿ ಹೊಟ್ಟೆ ಚುರ್ ಅಂತು. ಆದರೆ ನನ್ನ ಅಡುಗೆಮನೆ?

ಪಾಲಿಕಾ ಬಜಾರ್

ಊರು ಬಿಟ್ಟು ದೆಹಲಿ ಸೇರಿ ತುಂಬ ವರ್ಷ ಆಯಿತು, ಊರಿನ ಸುದ್ದಿಗೆ ಇಲ್ಲಿ ಇಣುಕುತ್ತಿರುತ್ತೇನೆ. ನೀವು ಈಗ ಕೇಳುತ್ತಿರುವ ಪ್ರಶ್ನೆ ಇಲ್ಲಿ 2007ರಲ್ಲೇ ಕೇಳಿ ಆಗಿದೆ. ಆ ವರ್ಷ ಅಕ್ಟೋಬರ್‌ನಲ್ಲಿ ಉಪಮೇಯರ್ ಎಸ್. ಎಸ್. ಬಾಜ್ವಾ ಮನೆಯ ಬಾಲ್ಕನಿಯಲ್ಲಿ ಮಂಗಗಳನ್ನು ಓಡಿಸಲು ಹೋಗಿ ಕೆಳಗೆ ಬಿದ್ದು ತೀರಿಕೊಂಡರು. ಹೈಕೋರ್ಟ್ ಆದೇಶದ ಮೇಲೆ ನಗರದ ಮಂಗಗಳನ್ನು ಹಿಡಿದು ಅಸೋಲಾ ಭಾಟಿ ಅಭಯಾರಣ್ಯಕ್ಕೆ ಬಿಡೋಕೆ ಶುರು ಮಾಡಿದರು. ಇದುವರೆಗೆ 20,000ಕ್ಕೂ ಹೆಚ್ಚು ಮಂಗ ಅಲ್ಲಿಗೆ ಹೋಗಿವೆ. ಸರ್ಕಾರವೇ ದಿನಾ ಹಣ್ಣು ತರಕಾರಿ ಕೊಟ್ಟು ಸಾಕುತ್ತದೆ. ಗೋಡೆ ಹಾರಿ ಪಕ್ಕದ ಬಡಾವಣೆಗೆ ಬರುವುದು ನಿಂತಿಲ್ಲ. ಸಂಸತ್ತು, ಮಂತ್ರಿಗಳ ಬಂಗಲೆ ಇರುವ ಲುಟಿಯನ್ಸ್ ದೆಹಲಿಯಲ್ಲಿ ಮಂಗ ಕಡಿಮೆಯೂ ಆಗಿಲ್ಲ.

ಮೊದಲು ಮುಸುವಗಳನ್ನು, ಅಂದರೆ ಕರಿಮುಖದ ಲಂಗೂರ್‌ಗಳನ್ನು, ಹಗ್ಗ ಕಟ್ಟಿ ತಂದು ಮಂಗಗಳನ್ನು ಹೆದರಿಸುತ್ತಿದ್ದರು. ಅದಕ್ಕೆ ತಡೆ ಬಿದ್ದ ಮೇಲೆ ಮುಸುವದ ಹಾಗೆ ಕೂಗುವ ಮನುಷ್ಯರನ್ನು ಸಂಬಳ ಕೊಟ್ಟು ಇಟ್ಟುಕೊಂಡರು. 2023ರ ಜಿ-20 ಸಭೆಗೆ ರಸ್ತೆಬದಿ ಮುಸುವದ ಕಟೌಟ್ ನಿಲ್ಲಿಸಿದರು. ಸಂಸತ್ತು ಇರುವ ಊರಿನ ಕಥೆ ಇದು. ನಮ್ಮ ಪುರಸಭೆಯ ಹತ್ತಿರ ಎಷ್ಟು ದುಡ್ಡಿದೆ?

ಖಾಕಿ ಬಿಟ್ಟವ

ಹಿಡಿದು ಬಿಡುವ ಕೆಲಸ ಯಾಕೆ ನಿಲ್ಲೋದಿಲ್ಲ ಅಂತ ಕಣ್ಣಾರೆ ಕಂಡದ್ದು ಹೇಳುತ್ತೇನೆ. ಬೋನಿಗೆ ಶೇಂಗಾ, ಬೆಲ್ಲ, ಬಾಳೆಹಣ್ಣು ಇಡುತ್ತಾರೆ. ಮೊದಲು ನುಗ್ಗುವುದು ಮರಿಗಳು, ಆಮೇಲೆ ಮರಿ ಬಿಡಲಾರದ ತಾಯಂದಿರು. ಹಳೇ ದಡಿಯ ದೂರ ಕೂತು ನೋಡುತ್ತಿರುತ್ತಾನೆ. ಒಮ್ಮೆ ನೋಡಿದವನು ಮತ್ತೆ ಬೋನಿನ ಹತ್ತಿರ ಬರುವುದಿಲ್ಲ. ಗುಂಪು ಒಡೆಯುತ್ತದೆ, ಚುರುಕಾದವೇ ಉಳಿಯುತ್ತವೆ. ಇಡೀ ಗುಂಪು ಹಿಡಿದರೂ ಅಷ್ಟೇ. ಈ ಜಾತಿಯಲ್ಲಿ ಹೆಣ್ಣು ಹುಟ್ಟಿದ ಗುಂಪಿನಲ್ಲೇ ಇರುತ್ತದೆ, ಪ್ರಾಯಕ್ಕೆ ಬಂದ ಗಂಡು ಗುಂಪು ಬಿಟ್ಟು ಅಲೆಯುತ್ತದೆ. ಊಟ ಸಿಗುವ ಜಾಗ ಖಾಲಿ ಆದರೆ ಪಕ್ಕದ ಗುಂಪು ಬಂದು ಕೂರುತ್ತದೆ. ಕಸದ ರಾಶಿ ಅಲ್ಲೇ ಇದೆಯಲ್ಲ.

2021ರ ಜುಲೈನಲ್ಲಿ ಹಾಸನ ಜಿಲ್ಲೆಯ ಬೇಲೂರು ತಾಲೂಕಿನ ಚೌಡನಹಳ್ಳಿ ಹತ್ತಿರ ಗೋಣಿಚೀಲಗಳಲ್ಲಿ 38 ಮಂಗಗಳ ಹೆಣ ಸಿಕ್ಕಿದ್ದು ನೆನಪಿರಬಹುದು. ಹಿಡಿಯುವವರ ಕೈಗೆ ಕೆಲಸ ಕೊಟ್ಟು ಕಣ್ಣು ಮುಚ್ಚಿಕೊಂಡರೆ ಅಲ್ಲಿಗೂ ಮುಟ್ಟಬಹುದು. ಹೈಕೋರ್ಟ್ ತಾನಾಗಿಯೇ ಕೇಸು ತೆಗೆದುಕೊಂಡಿತ್ತು.

ಹನುಮ ಭಕ್ತ

ನಾನು ಪ್ರತಿ ಶನಿವಾರ ಗುಡಿ ಹತ್ತಿರ ಬಾಳೆಹಣ್ಣು ಕೊಡುತ್ತೇನೆ. ನಮ್ಮ ತಂದೆಯವರೂ ಕೊಡುತ್ತಿದ್ದರು. ಇಲ್ಲಿ ಯಾರೋ ಕೊಲ್ಲೋ ಮಾತಾಡುತ್ತಿದ್ದಾರೆ. ಕೇಳೋಕೇ ಕಷ್ಟ ಆಗುತ್ತದೆ. ಕಾಡು ಕಡಿದವರು ನಾವು, ಅವಕ್ಕೆ ಹಸಿವಾದರೆ ಎಲ್ಲಿಗೆ ಹೋಗಬೇಕು?

ತೋಟದಂಚು

ಭಕ್ತರೇ, ನೀವು ಶನಿವಾರ ಕೊಡುತ್ತೀರಿ. ಉಳಿದ ಆರು ದಿನ ನಾನು ಕೊಡುತ್ತಿದ್ದೇನೆ, ಕೇಳದೆಯೇ.

ಸಿಸ್ಟರ್ ಅಕ್ಕ

ಇಬ್ಬರೂ ಸ್ವಲ್ಪ ತಣ್ಣಗಾಗಿ. ಆಸ್ಪತ್ರೆ ಕಡೆಯಿಂದ ಎರಡು ಮಾತು.

ಗುಡಿ ಹತ್ತಿರವೇ ಕಚ್ಚಿಸಿಕೊಂಡು ಬರುವ ಮಕ್ಕಳು ಜಾಸ್ತಿ. ಕೈಯಲ್ಲಿ ಪ್ರಸಾದ ಇರುತ್ತದೆ, ಮಂಗ ಕೇಳುತ್ತದೆ, ಮಗು ಕೈ ಹಿಂದೆ ಎಳೆಯುತ್ತದೆ, ಕಚ್ಚುತ್ತದೆ. ಮಂಗ ಕಚ್ಚಿದರೆ ಅಥವಾ ಪರಚಿ ರಕ್ತ ಬಂದರೆ ಅರಿಶಿನ, ಸುಣ್ಣ ಮೆತ್ತಬೇಡಿ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ, ಅವತ್ತೇ ಬಂದು ರೇಬಿಸ್ ಚುಚ್ಚುಮದ್ದು ಹಾಕಿಸಿಕೊಳ್ಳಿ. ನಾಯಿ ಅಲ್ಲವಲ್ಲ ಅಂತ ಮನೆಯಲ್ಲಿ ಕೂರಬೇಡಿ.

ಎರಡನೆಯದು ಮಂಗನ ಕಾಯಿಲೆ. ಇದನ್ನು ಯಾರೂ ಎತ್ತಲಿಲ್ಲ ಅಂತ ಆಶ್ಚರ್ಯ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡದ್ದು. ಹರಡುವುದು ಉಣ್ಣೆಯಿಂದ, ಮಂಗನಿಂದ ನೇರವಾಗಿ ಅಲ್ಲ. ಆದರೆ ಉಣ್ಣೆ ಮಂಗನ ಮೈಮೇಲೆ ಇರುತ್ತದೆ. ಸತ್ತ ಮಂಗನ ಮೈಯಿಂದ ಇಳಿದ ಉಣ್ಣೆ ಸುತ್ತಲಿನ ತರಗೆಲೆಗೆ ಸೇರುತ್ತದೆ. 2018-19ರಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಈ ಕಾಯಿಲೆಗೆ ಜನ ಸತ್ತದ್ದನ್ನು ನಮ್ಮ ಸೀಮೆಗೆ ಬಿಡಿಸಿ ಹೇಳಬೇಕಾ? ಹಳೆಯ ಲಸಿಕೆಯೂ ಈಗ ನಿಂತಿದೆ. ಕಾಡಿಗೆ ಹೋಗುವವರು ಉಣ್ಣೆ ಹತ್ತದ ಹಾಗೆ ಡೆಪಾ ಎಣ್ಣೆ ಹಚ್ಚಿಕೊಂಡು ಹೋಗಬೇಕು, ಅಷ್ಟೇ ರಕ್ಷಣೆ. ಹೀಗಿರುವಾಗ ಒಂದು ಕಡೆಯ ಮಂಗಗಳನ್ನು ಉಣ್ಣೆ ಸಮೇತ ಗಾಡಿಗೆ ತುಂಬಿ ಇನ್ನೊಂದು ಕಡೆ ಬಿಡುವ ಮೊದಲು ಆರೋಗ್ಯ ಇಲಾಖೆಯನ್ನು ಕೇಳಬೇಡವೇ? ಪ್ರಸ್ತಾವದಲ್ಲಿ ಅದರ ಹೆಸರೂ ಇಲ್ಲವಂತೆ.

ಇನ್ನೊಂದು. ಡಿಸೆಂಬರ್‌ನಿಂದ ಮೇವರೆಗೆ ಎಲ್ಲಾದರೂ ಸತ್ತ ಮಂಗ ಕಂಡರೆ ಮುಟ್ಟಬೇಡಿ, ಎಳೆದು ಹೂಳಬೇಡಿ. ಆಶಾ ಕಾರ್ಯಕರ್ತೆಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಿ.

ಘಟ್ಟದ ತಲೆ

ಸಿಸ್ಟರ್ ಅಕ್ಕ ಹೇಳಿದ್ದೇ ನಮ್ಮೂರಿನ ದೊಡ್ಡ ಹೆದರಿಕೆ. 2019ರ ಹೊತ್ತಿಗೆ ಹೊಸನಗರ ತಾಲೂಕಿನಲ್ಲಿ ಹಿಡಿದ ಮಂಗಗಳನ್ನು ಬಿಡೋಕೆ ಮಂಕಿ ಪಾರ್ಕ್ ಮಾಡುತ್ತೇವೆ ಅಂತ ಸರ್ಕಾರ ಹೊರಟಾಗ ಸುತ್ತಲಿನ ಜನ ಬೇಡ ಅಂದಿದ್ದೂ ಇದಕ್ಕೇ. ಪಟ್ಟಣದವರಿಗೆ ಪಾರ್ಕ್, ಪಕ್ಕದವರಿಗೆ ಉಣ್ಣೆ.

ನಿಂಬೆಹುಳಿ

ಮಂಕಿ ಪಾರ್ಕ್ ಆಗಿದ್ದರೆ ಇವತ್ತು ಈ ಚರ್ಚೆಯೇ ಬೇಕಿರಲಿಲ್ಲ. ಶರಾವತಿ ಹಿನ್ನೀರಿನಲ್ಲಿ ಎಷ್ಟು ನಡುಗಡ್ಡೆ ಇವೆ. ಹಣ್ಣಿನ ಗಿಡ ನೆಟ್ಟು ಅಲ್ಲಿ ಬಿಟ್ಟರೆ ಸುತ್ತಲೂ ನೀರು. ಎಲ್ಲದಕ್ಕೂ ಬೇಡ ಬೇಡ ಅಂದರೆ ಯಾವುದು ಬೇಕು?

ದನದ ಡಾಕ್ಟರ್

ನಿಂಬೆಹುಳಿ ಅವರೇ, ಮಂಗಕ್ಕೆ ಈಜು ಬರುತ್ತದೆ. ಬೇಸಿಗೆಯಲ್ಲಿ ಹಿನ್ನೀರು ಇಳಿದರೆ ಎಷ್ಟೋ ನಡುಗಡ್ಡೆಗೆ ನಡೆದೇ ಹೋಗಬಹುದು. ನೆಟ್ಟ ಹಣ್ಣಿನ ಗಿಡ ಫಲ ಕೊಡುವವರೆಗೆ ಸರ್ಕಾರವೇ ಊಟ ಹಾಕಬೇಕು. ದೆಹಲಿಯ ಕಥೆ ಮೇಲೆಯೇ ಇದೆ.

ಸಂತಾನಹರಣದ ಬಗ್ಗೆ ಯಾರಾದರೂ ಕೇಳುತ್ತಾರೆ ಅಂತ ಕಾಯುತ್ತಿದ್ದೆ. ಹಿಮಾಚಲದಲ್ಲಿ 2007ರಿಂದ ಮಾಡುತ್ತಿದ್ದಾರೆ, ಒಂದೂವರೆ ಲಕ್ಷಕ್ಕೂ ಹೆಚ್ಚು ಮಂಗಕ್ಕೆ ಆಗಿದೆ. ಅದಕ್ಕೆ ಕೇಂದ್ರಗಳು, ತರಬೇತಾದ ಡಾಕ್ಟರ್‌ಗಳು, ಬಿಡದೆ ವರ್ಷ ವರ್ಷ ದುಡ್ಡು ಬೇಕಾಯಿತು. ತೆಲಂಗಾಣದವರು 2020ರ ಡಿಸೆಂಬರ್‌ನಲ್ಲಿ ನಿರ್ಮಲ್ ಹತ್ತಿರ ಇಂಥದ್ದೇ ಕೇಂದ್ರ ತೆರೆದರು. ಕೆಲಸ ಆಗದ್ದಲ್ಲ. ಆದರೆ ಸಂತಾನಹರಣ ಆದ ಮಂಗ ನಾಳೆ ಹಂಚು ಜಾರಿಸೋದು ಬಿಡುವುದಿಲ್ಲ. ಇನ್ನೂ ಎಷ್ಟೋ ವರ್ಷ ಬದುಕುತ್ತದೆ, ತಿನ್ನುತ್ತದೆ, ಕಚ್ಚುತ್ತದೆ. ಫಲ ಕಾಣೋದು ಹತ್ತು ಹದಿನೈದು ವರ್ಷಕ್ಕೆ, ಅದೂ ಸುತ್ತಲಿನ ಗುಂಪುಗಳಲ್ಲಿ ಬಹುಪಾಲಿಗೆ ಆದರೆ ಮಾತ್ರ. ಒಂದು ಪುರಸಭೆ ಒಂಟಿಯಾಗಿ ಮಾಡೋ ಕೆಲಸ ಅಲ್ಲ. ಜಿಲ್ಲೆ ಮಟ್ಟದಲ್ಲಿ ಆಗಬೇಕು.

ಮಂಗ ಜಾಸ್ತಿ ಆಗಿವೆ ಅಂತ ಎಲ್ಲರೂ ಹೇಳುತ್ತೇವೆ. ಮೈಸೂರು ವಿಶ್ವವಿದ್ಯಾಲಯದ ಮೇವಾ ಸಿಂಗ್ ಮತ್ತು ಜೊತೆಯವರು ಮೈಸೂರು ಸುತ್ತಲಿನ ಹೆದ್ದಾರಿಗಳ ಮಂಗಗಳನ್ನು ದಶಕಗಳ ಕಾಲ ಎಣಿಸಿದವರು. ಅವರಿಗೆ ಸಿಕ್ಕಿದ್ದು ಇಳಿಕೆ. ಸಾಲುಮರ ಕಡಿದರು, ಹಿಡಿದು ಸಾಗಿಸಿದರು, ಗುಂಪುಗಳು ಕರಗಿದವು. ಒಟ್ಟು ಸಂಖ್ಯೆ ಇಳಿಯುತ್ತಿರುವಾಗಲೇ ನಮ್ಮ ಮಾಡಿನ ಮೇಲೆ ಜಾಸ್ತಿ ಕಾಣುತ್ತಿವೆ. ಊಟ ಎಲ್ಲಿದೆಯೋ ಅಲ್ಲಿ ಸೇರಿವೆ.

ಮಾಜಿ ಸದಸ್ಯ

ಒಂದು ಅವಧಿ ಆ ಸಭೆಯಲ್ಲಿ ಕೂತವನು ನಾನು. ಈ ವಿಷಯ ಹೊಸದಲ್ಲ. ಪ್ರತಿ ಸಲ ನಡೆಯೋದು ಹೀಗೆ. ಸದಸ್ಯರು ಕೂಗಾಡುತ್ತಾರೆ. ಮುಖ್ಯಾಧಿಕಾರಿ ವನ್ಯಜೀವಿ ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಅನ್ನುತ್ತಾರೆ. ಅರಣ್ಯ ಇಲಾಖೆಗೆ ಪತ್ರ ಹೋಗುತ್ತದೆ. ಊರೊಳಗಿನ ಮಂಗ ನೀವೇ ನೋಡಿಕೊಳ್ಳಿ, ನಾವು ತಾಂತ್ರಿಕ ಸಲಹೆ ಕೊಡುತ್ತೇವೆ ಅಂತ ಉತ್ತರ ಬರುತ್ತದೆ. ಅಷ್ಟರಲ್ಲಿ ಚುನಾವಣೆ ಹತ್ತಿರ ಬಂದಿರುತ್ತದೆ. ಒಂದು ಬೋನು, ಒಂದು ಗಾಡಿ, ಪೇಪರ್‌ನಲ್ಲಿ ಒಂದು ಫೋಟೋ. ಹಿಡಿದದ್ದು ಎಷ್ಟು ಅಂತ ಬಿಲ್ಲಿನಲ್ಲಿ ಇರುತ್ತದೆ. ಎಣಿಸಿದವರು ಯಾರು ಅಂತ ಇರುವುದಿಲ್ಲ.

ನನ್ನ ಮಾತು ಇಷ್ಟೇ. ಮಂಗ ಪುರಸಭೆಯ ಕೈಯಲ್ಲಿಲ್ಲ, ಒಪ್ಪಿದೆ. ಕಸ ಪುರಸಭೆಯ ಕೈಯಲ್ಲೇ ಇದೆ. ಸಂತೆ ಮುಗಿದ ರಾತ್ರಿ ಕೊಳೆತ ಟೊಮೆಟೊ, ಬಾಳೆ, ಕೋಸಿನ ಎಲೆ ಮೈದಾನದಲ್ಲೇ ಬಿದ್ದಿರುತ್ತದೆ. ಗಾಡಿ ಬರೋದು ಮಾರನೇ ದಿನ ಹನ್ನೊಂದಕ್ಕೆ. ಬೆಳಿಗ್ಗೆ ಆರಕ್ಕೆ ಹೋಗಿ ನೋಡಿ, ಊರಿನ ಎಲ್ಲ ಗುಂಪುಗಳೂ ಅಲ್ಲೇ ಇರುತ್ತವೆ. ಛತ್ರಗಳ ಹಿಂದೆ ಎಂಜಲೆಲೆ, ಹೋಟೆಲ್ ಹಿಂದೆ ಬಾಯಿ ತೆರೆದ ಡ್ರಮ್. ಇದಕ್ಕೆ ಯಾರ ಅನುಮತಿಯೂ ಬೇಡ, ಯಾವ ಪಟ್ಟಿಯೂ ಅಡ್ಡ ಬರುವುದಿಲ್ಲ. ಆದರೆ ಕಸದ ಗಾಡಿ ಬೇಗ ಕಳಿಸಿದರೆ ಫೋಟೋ ಬರೋದಿಲ್ಲ, ಅದೇ ತೊಂದರೆ.

ಹನುಮ ಭಕ್ತ

ಸಂತೆ ಮೈದಾನದ ವಿಷಯ ನಿಜ. ಗುಡಿ ಕಮಿಟಿಯಲ್ಲಿ ನಾನೂ ಇದ್ದೇನೆ. ಹಣ್ಣು ಕೊಡೋದನ್ನು ಪೂರ್ತಿ ನಿಲ್ಲಿಸಿ ಅಂದರೆ ಹಿರಿಯರು ಒಪ್ಪುವುದಿಲ್ಲ, ನನಗೂ ಮನಸ್ಸಿಲ್ಲ. ಆದರೆ ಹಣ್ಣು ಮಾರುವ ತಳ್ಳುಗಾಡಿ ಗುಡಿ ಮೆಟ್ಟಿಲ ಬುಡದಲ್ಲೇ ನಿಲ್ಲೋದು ಬೇಡ, ಶಾಲೆ ಬಿಡುವ ಹೊತ್ತಿಗೆ ಯಾರೂ ಕೈಯಿಂದ ತಿನ್ನಿಸೋದು ಬೇಡ ಅಂತ ಬೋರ್ಡ್ ಹಾಕಿಸಬಹುದು. ಅಷ್ಟು ನಾನು ಕಮಿಟಿಯಲ್ಲಿ ಹೇಳುತ್ತೇನೆ.

ಸಿಸ್ಟರ್ ಅಕ್ಕ

ಶಾಲೆ ಹೊತ್ತಿಗೆ ನಿಂತರೂ ನನಗೆ ಅರ್ಧ ಕೆಲಸ ಕಡಿಮೆ ಆಗುತ್ತದೆ. ಆದರೆ ಪೂರ್ತಿ ನಿಲ್ಲಿಸೋದೇ ಸರಿ ಅಂತ ನನ್ನ ಅಭಿಪ್ರಾಯ ಬದಲಾಗಿಲ್ಲ ಭಕ್ತರೇ.

ತೋಟದಂಚು

ಸಂತೆ ಕಸ, ಹೋಟೆಲ್ ಡ್ರಮ್, ಬೋರ್ಡ್. ಎಲ್ಲ ಚೆನ್ನಾಗಿದೆ. ಪಟ್ಟಣದಲ್ಲಿ ಊಟ ನಿಂತರೆ ಆ ಗುಂಪು ಎಲ್ಲಿಗೆ ಬರುತ್ತದೆ? ಮೊದಲು ಸಿಗೋದು ನನ್ನ ತೋಟ. ಘಟ್ಟದ ಮೇಲೆ ಬಿಡಬೇಡಿ ಅನ್ನುತ್ತೀರಿ, ಕೊಲ್ಲೋ ಹಾಗಿಲ್ಲ ಅನ್ನುತ್ತೀರಿ, ಕಸ ಮುಚ್ಚುತ್ತೇವೆ ಅನ್ನುತ್ತೀರಿ. ಇದಕ್ಕೆ ಉತ್ತರ ಯಾರ ಹತ್ತಿರ ಇದೆ?

ದನದ ಡಾಕ್ಟರ್

ಸುಳ್ಳು ಹೇಳೋದಿಲ್ಲ ಗೌಡ್ರೇ. ಒಂದೆರಡು ವರ್ಷ ನಿಮ್ಮ ಮೇಲೆ ಹೊರೆ ಜಾಸ್ತಿ ಆಗಬಹುದು. ಊಟ ಕಡಿಮೆ ಆದರೆ ಹೆಣ್ಣು ಮಂಗ ಮರಿ ಹಾಕೋದು ತಡವಾಗುತ್ತದೆ, ಗುಂಪು ನಿಧಾನ ಸಣ್ಣದಾಗುತ್ತದೆ. ಆ ನಿಧಾನ ನಿಮ್ಮ ಅಡಿಕೆಗೆ ಕಾಯುವುದಿಲ್ಲ. ಅದಕ್ಕೇ ಕೇಳೋದಿದ್ದರೆ ಪುರಸಭೆಯನ್ನಷ್ಟೇ ಕೇಳಬೇಡಿ. ಅಂಚಿನ ತೋಟಗಳಿಗೆ ಕಾವಲಿನ ಕೂಲಿ ಯಾರು ಕೊಡಬೇಕು ಅಂತ ಅರಣ್ಯ, ತೋಟಗಾರಿಕೆ ಇಲಾಖೆ ಎರಡನ್ನೂ ಕೂರಿಸಿ ಕೇಳಿ. ಒಬ್ಬರೇ ಕವಣೆ ಹಿಡಿದರೆ ಮಂಗ ಪಕ್ಕದ ತೋಟಕ್ಕೆ ಹೋಗಿ ಊಟ ಮುಗಿಸಿ ಬರುತ್ತದೆ. ಸಾಲಾಗಿ ಎಂಟು ಹತ್ತು ತೋಟದವರು ಒಬ್ಬ ಕಾವಲಿನವನನ್ನು, ಎರಡು ನಾಯಿಯನ್ನು ಸೇರಿ ಇಟ್ಟುಕೊಂಡ ಕಡೆ ಹಾನಿ ಕಡಿಮೆ ಆಗಿದ್ದು ನಾನು ಕಂಡಿದ್ದೇನೆ.

ಸಂಡಿಗೆ ಅತ್ತಿಗೆ

ಕಿಟಕಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿಸಿದೆ. ಎಲ್ಲ ಕಿಟಕಿಗೆ ಹಾಕಿಸೋಕೆ ದುಡ್ಡು ಎಲ್ಲರಿಗೂ ಇರಲ್ಲ. ತಲೆಗೆ ಇಷ್ಟು ಅಂತ ಮಂಗ ಹಿಡಿಯುವವನಿಗೆ ಕೊಡೋ ದುಡ್ಡಲ್ಲಿ ಬಡವರ ಮನೆ ಕಿಟಕಿಗೆ ಜಾಲರಿಗೆ ಅರ್ಧ ಖರ್ಚು ಕೊಟ್ಟರೆ ಆಗಲ್ವಾ? ಸುಮ್ನೆ ಕೇಳಿದೆ.

ಮಾಜಿ ಸದಸ್ಯ

ಸುಮ್ನೆ ಕೇಳಿದ್ದಲ್ಲ ಅದು ಅಕ್ಕ, ಬರೆಸಿ. ಯಾವ ಲೆಕ್ಕದಲ್ಲಿ ಕೊಡಬಹುದು ಅಂತ ಮುಖ್ಯಾಧಿಕಾರಿ ಉತ್ತರ ಕೊಡಲಿ.

ಹಂಚಿನ ಮನೆ

ಇಷ್ಟು ಮಾತು ಬರುತ್ತದೆ ಅಂದುಕೊಂಡಿರಲಿಲ್ಲ. ಮನವಿಯಲ್ಲಿ ಹೀಗೆ ಬರೆದಿದ್ದೇನೆ, ನೋಡಿ. ಅರಣ್ಯ ಇಲಾಖೆಯ ಲಿಖಿತ ಅನುಮತಿ, ಬಿಡುವ ಜಾಗದ ಹೆಸರು, ಆ ಊರಿನ ಪಂಚಾಯಿತಿಯ ಒಪ್ಪಿಗೆ, ಆರೋಗ್ಯ ಇಲಾಖೆಯ ಅಭಿಪ್ರಾಯ, ಇವು ನಾಲ್ಕೂ ಬರುವವರೆಗೆ ಟೆಂಡರ್ ಬೇಡ. ಸಂತೆಯ ಕಸ ಅದೇ ರಾತ್ರಿ ಎತ್ತಬೇಕು. ಹೋಟೆಲ್, ಛತ್ರಗಳಿಗೆ ಮುಚ್ಚಳ ಬಿಗಿಯುವ ಡ್ರಮ್ ಕಡ್ಡಾಯ, ತಪ್ಪಿದರೆ ದಂಡ. ಕಿಟಕಿ ಜಾಲರಿಗೆ ಸಹಾಯಧನ. ಅಂಚಿನ ತೋಟದವರ ಜೊತೆ ಎರಡೂ ಇಲಾಖೆ ಸೇರಿಸಿ ಒಂದು ಸಭೆ. ಸಂತಾನಹರಣ ಕೇಂದ್ರಕ್ಕೆ ಜಿಲ್ಲಾಡಳಿತಕ್ಕೆ ಪತ್ರ.

ನಿಂಬೆಹುಳಿ

ನಾನು ಸಹಿ ಹಾಕಲ್ಲ. ಟೆಂಡರ್ ಬೇಕು ಅಂತ ಬೇರೆ ಮನವಿ ಕೊಡುತ್ತೇವೆ. ನಮ್ಮ ಬೀದಿಯಲ್ಲಿ ಹೆಚ್ಚಿನವರದು ಅದೇ ಅಭಿಪ್ರಾಯ.

ಹಂಚಿನ ಮನೆ

ಕೊಡಿ ಸಾರ್, ಎರಡನ್ನೂ ಓದಲಿ. ಬಿಡುವ ಜಾಗದ ಹೆಸರು ಮಾತ್ರ ನಿಮ್ಮ ಮನವಿಯಲ್ಲೂ ಬರೆಯಿರಿ.

ಘಟ್ಟದ ತಲೆ

ನಮ್ಮ ಪಂಚಾಯಿತಿಯಿಂದಲೂ ಒಂದು ಪತ್ರ ತರುತ್ತೇನೆ. ಗ್ರಾಮಸಭೆಯಲ್ಲಿ ಠರಾವು ಮಾಡಿಸೋಕೆ ಅಧ್ಯಕ್ಷರು ಒಪ್ಪಿದ್ದಾರೆ. ನಿಮ್ಮ ಸಭೆ ಯಾವತ್ತು?

ತೋಟದಂಚು

ತೋಟದವರ ಸಭೆಯ ಸಾಲನ್ನು ಕೊನೆಯಲ್ಲಿ ಹಾಕಬೇಡಿ, ಮೊದಲಿಗೆ ತನ್ನಿ. ಕೊನೆ ಸಾಲು 'ಪರಿಶೀಲಿಸಲಾಗುವುದು' ಅಂತ ಹೋಗಿಬಿಡುತ್ತದೆ. ಮೊದಲಿಗೆ ಹಾಕಿದರೆ ನಮ್ಮ ಕಡೆಯ ಸಹಿ ನಾನು ತರುತ್ತೇನೆ. ಪಟ್ಟಿ ಬದಲಿಸಿ ಅಂತ ಕೇಂದ್ರಕ್ಕೆ ಬರೆಯೋ ಮಾತು ನಾನು ಬಿಟ್ಟಿಲ್ಲ, ಅದು ಬೇರೆ ಕಾಗದದಲ್ಲಿ.

ಹಂಚಿನ ಮನೆ

ಮೊದಲಿಗೇ ಹಾಕಿದ್ದೇನೆ. ಸಭೆ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ. ಸಹಿಯ ಹಾಳೆ ಬಸ್ ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೊಟ್ಟಿದ್ದೇನೆ, ಸೋಮವಾರ ಸಂಜೆಯೊಳಗೆ ಹಾಕಿಬಿಡಿ. ಮನೆ ನಂಬರ್, ವಾರ್ಡ್ ನಂಬರ್ ಬರೆಯೋದು ಮರೆಯಬೇಡಿ. ಹೋದ ಸಲ ರಸ್ತೆ ಮನವಿಗೆ ವಾರ್ಡ್ ನಂಬರ್ ಇಲ್ಲ ಅಂತಲೇ ವಾಪಸ್ ಕಳಿಸಿದ್ದರು.